ಮಾಳಿಗೆಯ ಮೇಲಿನ ರಿಂಗು

ಕರಿ ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ಒಂದು ವಾಸನೆ ಬರುತ್ತದೆ. ಹೊಸ ಚಪ್ಪಲಿ ಅಂಗಡಿಯೊಳಗೆ ಕಾಲಿಟ್ಟಂತೆ ಇರುತ್ತದೆ. ಹಾನಗಲ್ಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ನೀರಾವರಿ ಪೈಪಿನ ಅಂಗಡಿ ಇಟ್ಟುಕೊಂಡು ಕುಳಿತಿರುವ ನನ್ನ ಮೂಗಿಗೆ ಅದು ಯಾವತ್ತೋ ಸತ್ತುಹೋಗಿದೆ ಎಂದುಕೊಂಡಿದ್ದೆ. ಈ ದಿನ ಮುಂಜಾನೆ ಸವಣೂರು ಕಡೆಯ ಒಬ್ಬ ಟೀಚರು ಅಂಗಡಿಗೆ ಬಂದರು. ಶಾಲೆಯ ಮಕ್ಕಳು ಸೊಂಟಕ್ಕೆ ಹಾಕಿಕೊಂಡು ತಿರುಗಿಸುವ ರಿಂಗು ಹತ್ತು ಬೇಕಿತ್ತು, ಪೈಪಿನಲ್ಲಿ ನೀವು ಚೆನ್ನಾಗಿ ಮಾಡಿಕೊಡುತ್ತೀರಂತೆ ಎಂದರು. ಯಾರು ಹೇಳಿದರು ಎಂದು ಕೇಳಿದೆ. ಸುಜಾತಾ ಟೀಚರು ಎಂದರು. ನಾನು ಅಂಗಡಿಯ ಹಿಂದಿರುವ ಮನೆಗೆ ಹೋಗಿ ನೀರು ಕಾಯಲು ಇಟ್ಟೆ. ನೀರು ಕಾಯುವ ತನಕ ನಿಮ್ಮ ಮುಂದೆ ಹೇಳಿಕೊಳ್ಳುವುದು ಇದೆ. ಹೇಳಿದರೆ ನನ್ನ ಮರ್ಯಾದೆಯೇನೂ ಹೆಚ್ಚುವುದಿಲ್ಲ.

ಪೈಪಿನ ವ್ಯಾಪಾರವೆಂದರೆ ಕುಂತು ಮಾಡುವ ವ್ಯಾಪಾರ. ಹೊರುವವರು ಬೇರೆ, ಅಳೆಯುವವರು ಬೇರೆ; ನಾನು ಕುರ್ಚಿಯಲ್ಲಿ ಕುಳಿತು ಮಳೆ ಯಾವಾಗ ಬರುತ್ತದೆ ಎಂದು ರೈತರೊಂದಿಗೆ ಚರ್ಚೆ ಮಾಡುವವನು. ಐವತ್ತು ದಾಟುವ ಹೊತ್ತಿಗೆ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದೆ ನಡೆಯತೊಡಗಿತ್ತು. ಅಂಗಿಯ ಗುಂಡಿ ಹಚ್ಚಿ ಹಚ್ಚಿ ತನ್ನ ಕಣ್ಣು ಹೋದವು ಎಂದು ನನ್ನ ಹೆಂಡತಿ ಗಿರಿಜಾ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಡಾಕ್ಟರರು ನಡೆಯಿರಿ ಎಂದರು. ನಾನು ನಡೆದೆ, ಚಹಾದ ಅಂಗಡಿಯ ತನಕ.

ಆಗ ನಮ್ಮ ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಇದ್ದವಳು ಸುಜಾತಾ. ತಡಸದ ಹುಡುಗಿ, ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅವರ ಮನೆಯಲ್ಲಿ ಓದಿ ನೌಕರಿ ಹಿಡಿದವಳು ಅವಳೇ ಮೊದಲನೆಯವಳು. ಖೋಲಿಯಲ್ಲಿ ಒಂದು ಬುದ್ಧನ ಫೋಟೋ, ಒಂದು ಸ್ಟೋವು, ಮೂಲೆ ತುಂಬ ಮಕ್ಕಳ ಪಾಟಿ, ಬಣ್ಣದ ಕಾಗದ. ನನ್ನನ್ನು ಕಾಕಾ ಎನ್ನುತ್ತಿದ್ದಳು, ಗಿರಿಜಾಳನ್ನು ಕಾಕು. ಒಂದು ದಿನ ಅಂಗಡಿಗೆ ಬಂದು, ಮಕ್ಕಳಿಗೆ ರಿಂಗು ಕೊಳ್ಳಲು ಶಾಲೆಯಲ್ಲಿ ದುಡ್ಡಿಲ್ಲ, ನಿಮ್ಮ ತುಂಡು ಪೈಪು ಕೊಡಿ ಎಂದಳು. ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಜಾಯಿಂಟು ತೂರಿಸಿ, ಎರಡೂ ತುದಿ ಕೂಡಿಸಿ ನಾನೇ ಮಾಡಿಕೊಟ್ಟೆ. ನಿಲ್ಲಿಸಿದರೆ ಹೊಕ್ಕಳದ ಮಟ್ಟಕ್ಕೆ ಬರಬೇಕು ಎಂಬ ಅಳತೆಯನ್ನು ಅವಳೇ ಕಲಿಸಿದಳು. ಮಕ್ಕಳ ರಿಂಗುಗಳಾದ ಮೇಲೆ ಒಂದು ದೊಡ್ಡದನ್ನು ಮಾಡಿಸಿ ನನ್ನ ಕೈಯಲ್ಲಿಟ್ಟು, ಇದು ನಿಮಗ ಎಂದಳು.

ನಾನು ನಕ್ಕೆ. ಆಮೇಲೆ ಮಾಳಿಗೆಗೆ ಹೋಗಿ, ಅತ್ತಿತ್ತ ನೋಡಿ, ಹಾಕಿಕೊಂಡೆ. ಒಂದು ಸುತ್ತಿಗೂ ನಿಲ್ಲದೆ ಕಾಲಿಗೆ ಬಿತ್ತು. ಒನಕೆಯಂತೆ ಸೆಟೆದ ಮೈಯನ್ನು ಗರಗರ ತಿರುಗಿಸಿ ತಿರುಗಿಸಿ ಸಾಕಾದೆ. ಸುಜಾತಾ ಬಾಗಿಲಲ್ಲಿ ನಿಂತು ನೋಡಿ, “ಸೊಂಟ ತಿರಗಸಬ್ಯಾಡ್ರಿ ಕಾಕಾ. ಮುಂದ, ಹಿಂದ, ಅಷ್ಟ ದೂಡ್ರಿ. ರಿಂಗ್ ತಾನ ತಿರಗತೈತಿ” ಎಂದಳು. ಹದಿನೈದು ದಿನಕ್ಕೆ ಹತ್ತು ಸುತ್ತು ನಿಂತಿತು. ತಿಂಗಳಿಗೆ ನಲವತ್ತು. ನಿಮಗೆ ನಗು ಬರಬಹುದು, ಆದರೆ ಆ ನಲವತ್ತು ಸುತ್ತಿನಲ್ಲಿ ನನಗೆ ಸಿಕ್ಕ ಸಂತೋಷ ಹತ್ತು ಬೋರ್‌ವೆಲ್ಲಿನ ಪೈಪು ಮಾರಿದರೂ ಸಿಕ್ಕಿರಲಿಲ್ಲ. ಹೊಟ್ಟೆ ಕರಗಿತೋ ಇಲ್ಲವೋ ನೋಡಲೇ ಇಲ್ಲ. ಮುಂಜಾನೆಯ ಎಳೆ ಬಿಸಿಲಿನಲ್ಲಿ ರಿಂಗು ಸುಯ್ ಎಂದು ತಿರುಗುವಾಗ ನಾನು ಯಾರ ಅಪ್ಪನೂ ಅಲ್ಲ, ಯಾವ ಅಂಗಡಿಯ ಮಾಲಕನೂ ಅಲ್ಲ ಎನಿಸುತ್ತಿತ್ತು.

ಆದರೆ ನಾನು ಊರಿನಲ್ಲಿ ಹಿರಿಯನೆಂದು ಕರೆಸಿಕೊಳ್ಳುವವನು. ಅಣ್ಣತಮ್ಮಂದಿರ ಪಾಲು ಹಂಚುವಾಗ ನನ್ನನ್ನು ಕರೆಯುತ್ತಾರೆ, ಮದುವೆಯ ಮಾತುಕತೆಗೆ ನನ್ನನ್ನು ಮುಂದೆ ಕೂರಿಸುತ್ತಾರೆ. ಅಂಥವನು ಬನಿಯನ್ನು ಹಾಕಿಕೊಂಡು ಸೊಂಟ ಕುಣಿಸುತ್ತಾನೆ ಎಂಬ ಸುದ್ದಿ ಬಸ್‌ಸ್ಟ್ಯಾಂಡಿನ ತನಕ ಹೋಗಲು ಎಷ್ಟು ಹೊತ್ತು ಬೇಕು? ಯಾರ ಮುಂದೂ ಹೇಳಬಾರದು ಎಂದು ಸುಜಾತಾಗೆ ಹೇಳಿದೆ. ಆಣೆ ಮಾಡು ಎಂದೂ ಅಂದೆ. ಅವಳು ನಕ್ಕು, “ಆಣಿ ಗೀಣಿ ನಮ್ಮ ಮನ್ಯಾಗ ಇಲ್ಲರಿ. ಮಾತು ಕೊಡ್ತೇನಿ, ಸಾಕಲ್ಲ?” ಎಂದಳು. ನನಗೆ ಸಾಕಾಯಿತು.

ನಮ್ಮ ಕಡೆ ಒಂದು ರೂಢಿ ಇದೆ, ನಿಮಗೂ ಗೊತ್ತಿರಬೇಕು. ಹೆಣ್ಣು ನೋಡಲು ಬರುವ ಮೊದಲು ಹುಡುಗನ ಕಡೆಯವರು ಸದ್ದಿಲ್ಲದೆ ಬಂದು ನೆರೆಯವರನ್ನೋ ಮನೆ ಮಾಲಕರನ್ನೋ ವಿಚಾರಿಸಿಕೊಂಡು ಹೋಗುತ್ತಾರೆ. ಹುಡುಗಿಯ ಕಣ್ಣಿಗೆ ಬೀಳಬಾರದು, ಅದು ಕಟ್ಟಳೆ. ಸುಜಾತಾಗೆ ಹಂಸಭಾವಿಯ ಹುಡುಗನೊಬ್ಬನ ಸಂಬಂಧದ ಮಾತು ನಡೆದಿತ್ತು. ಯಾವುದೋ ತರಬೇತಿಯಲ್ಲಿ ಪರಿಚಯವಾದವನು, ಅವನೂ ಮಾಸ್ತರ. ಇಬ್ಬರಿಗೂ ಮನಸ್ಸಿತ್ತು. ಅವರ ಪೈಕಿಯವರೇ, ಎರಡೂ ಮನೆಯವರು ಒಪ್ಪುವ ಹಾದಿಯಲ್ಲಿದ್ದರು. ವಿಚಾರಿಸಲು ಯಾರಾದರೂ ಬಂದರೆ ನಾಲ್ಕು ಒಳ್ಳೆಯ ಮಾತು ಹೇಳಿರಿ ಎಂದು ಗಿರಿಜಾ ನನಗೆ ಮೊದಲೇ ಹೇಳಿಟ್ಟಿದ್ದಳು.

ಅವರು ಬಂದದ್ದು ಒಂದು ರವಿವಾರ ಮುಂಜಾನೆ. ಸುಜಾತಾ ಶನಿವಾರವೇ ಊರಿಗೆ ಹೋಗಿದ್ದಳು. ನಾನು ತಲೆಗೆ ಟವೆಲ್ ಸುತ್ತಿಕೊಂಡು ಮಾಳಿಗೆಯ ಮೇಲೆ ಮೂವತ್ತರ ಸುತ್ತಿನಲ್ಲಿದ್ದೆ. ನಮ್ಮ ಓಣಿ ಇಕ್ಕಟ್ಟು, ಕೆಳಗೆ ನಿಂತವರಿಗೆ ಮಾಳಿಗೆಯ ಮೇಲಿನವರು ಕಾಣುವುದಿಲ್ಲ. ಆದರೆ ಮುಂಜಾನೆಯ ಬಿಸಿಲು ನಮ್ಮ ನೆರಳನ್ನು ಎದುರು ಮನೆಯ ಸುಣ್ಣದ ಗೋಡೆಯ ಮೇಲೆ ಕೆಡವುತ್ತದೆ ಎಂಬುದು ಅಷ್ಟು ವರ್ಷ ಅದೇ ಮನೆಯಲ್ಲಿದ್ದ ನನಗೆ ಹೊಳೆದಿರಲಿಲ್ಲ. ಗಿರಿಜಾ ಕೂಗಿದಳೆಂದು ಅಂಗಿ ಏರಿಸಿಕೊಂಡು ಕೆಳಗಿಳಿದೆ. ಹುಡುಗನ ದೊಡ್ಡಪ್ಪ, ದೊಡ್ಡವ್ವ ಕುಳಿತಿದ್ದರು. ಹಂಸಭಾವಿಯವರು ಎಂದೊಡನೆ ತಿಳಿಯಿತು. ಊರು, ಮಳೆ, ಬಸ್ಸಿನ ಮಾತಾದ ಮೇಲೆ ದೊಡ್ಡಪ್ಪ ಕೇಳಿದರು.

“ಮ್ಯಾಲ ಯಾರೋ ಗರಗರ ತಿರಗಾಕತ್ತಿದ್ರಲ್ರಿ, ಗ್ವಾಡಿ ಮ್ಯಾಲ ನೆರಳ ಕಂಡ್ತು. ಯಾರ್ರಿ ಅವರು?”

ನನ್ನ ಹಣೆಯ ಬೆವರು ಇನ್ನೂ ಆರಿರಲಿಲ್ಲ. ಅದು ನಾನೇ ಎನ್ನಲು ಒಂದು ಉಸಿರು ಸಾಕಿತ್ತು.

“ನಮ್ಮ ಬಾಡಿಗಿ ಟೀಚರ್ರಿ” ಎಂದೆ. ಅಷ್ಟಕ್ಕೇ ಬಿಡಲಿಲ್ಲ. “ಅವರಿಗೆ ಅದೊಂದು ಹುಚ್ಚು.”

ಆಮೇಲೆ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಶಾಂತ ಹುಡುಗಿ, ಮಕ್ಕಳೆಂದರೆ ಜೀವ, ನಮ್ಮ ಮಗಳಿದ್ದಂತೆ ಎಂದೆಲ್ಲ ಹೇಳಿದೆ. ಹತ್ತು ನಿಜಗಳ ನಡುವೆ ಒಂದು ಸುಳ್ಳು ಮುಚ್ಚಿಹೋಗುತ್ತದೆ ಎಂದು ನನ್ನ ಲೆಕ್ಕ. ಗಿರಿಜಾ ಚಹಾ ತಂದಿಟ್ಟು ನನ್ನ ಮುಖ ನೋಡಿದಳು. ಬಂದವರ ಮುಂದೆ ಗಂಡನ ಮಾತು ಕತ್ತರಿಸುವವಳಲ್ಲ. ಹುಡುಗಿ ಇಳಿದು ಬಂದಾಳೆಂದು ಅವರು ಅರ್ಧ ಚಹಾ ಬಿಟ್ಟು ಎದ್ದರು. ಅವರು ಓಣಿ ದಾಟಿದ ಮೇಲೆ ಗಿರಿಜಾ, “ಆಕಿ ತಡಸದಾಗ ಅದಾಳ, ನೀವೇನಂದ್ರಿ?” ಎಂದಳು. ರಿಂಗು ಆಡಿದರೆ ಏನು ತಪ್ಪು, ಅದಕ್ಕೆ ಯಾರು ಬೇಡ ಎನ್ನುತ್ತಾರೆ ಎಂದು ನಾನು ಅವಳ ಮೇಲೆಯೇ ಸಿಟ್ಟಾದೆ. ತಪ್ಪಲ್ಲವಾದರೆ ನಾನೇ ಎಂದು ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ರಿಂಗಿಗೆ ಅವರು ಬೇಡ ಎನ್ನಲಿಲ್ಲ, ಅದೂ ನಿಜ. ಎಂಟು ದಿನದ ಮೇಲೆ ಹುಡುಗ ಫೋನು ಮಾಡಿ, ರಿಂಗು ಆಡುತ್ತೀಯಂತೆ ಎಂದು ಚೇಷ್ಟೆ ಮಾಡಿದ. ಸುಜಾತಾ, ಆ ರವಿವಾರ ನಾನು ಊರಲ್ಲೇ ಇರಲಿಲ್ಲ, ಅದು ನಾನಲ್ಲ ಎಂದಳು. ಮತ್ತೆ ಯಾರು ಎಂದು ಕೇಳಿದ್ದಕ್ಕೆ ಹೆಸರು ಹೇಳಲಿಲ್ಲ. ಮಾತು ಮನೆಯ ಹಿರಿಯರ ತನಕ ಹೋಯಿತು. ಮನೆ ಮಾಲಕ ವಯಸ್ಸಾದ ಮನುಷ್ಯ, ಅವನಿಗೆ ಸುಳ್ಳು ಹೇಳಿ ಆಗಬೇಕಾದ್ದೇನು? ಆಟಕ್ಕೆ ನಮ್ಮ ತಕರಾರಿಲ್ಲ, ಇಷ್ಟು ಸಣ್ಣದಕ್ಕೆ ಸುಳ್ಳಾಡುವ ಹುಡುಗಿ ನಾಳೆ ದೊಡ್ಡದಕ್ಕೆ ಏನು ಮಾಡಿಯಾಳು ಎಂದರಂತೆ. ಹುಡುಗನಿಗೆ ಮನೆಯವರನ್ನು ಎದುರಿಸುವ ಗಟ್ಟಿತನ ಇರಲಿಲ್ಲ. ಸಂಬಂಧ ಮುರಿಯಿತು.

ಇದನ್ನು ಅವಳು ಅಡುಗೆಮನೆಯಲ್ಲಿ ಕುಳಿತು ಗಿರಿಜಾಗೆ ಹೇಳುವಾಗ ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕುಳಿತಿದ್ದೆ. ಗಿರಿಜಾ ಎರಡು ಸಲ ಹೊರಗೆ ಬಂದು ನನ್ನ ಮುಂದೆ ನಿಂತಳು. ನಾನು ಹಾಳೆ ತಿರುವಿದೆ. ಮರುದಿನ ಮಾಳಿಗೆ ಹತ್ತುವ ಪಾವಟಿಗೆಯ ಹತ್ತಿರ ಸುಜಾತಾ ಎದುರಾದಾಗ, ಅದು ಕಾಕಾ ಎಂದು ನೀನು ಹೇಳಿಬಿಡಬೇಕಿತ್ತು ಎಂದೆ. ನೋಡಿ, ಆಗಲೂ ಹೇಳುವ ಕೆಲಸವನ್ನು ಅವಳಿಗೇ ಹಚ್ಚಿದೆ.

“ನಿಮಗ ಮಾತು ಕೊಟ್ಟಿದ್ನಲ್ರಿ ಕಾಕಾ” ಎಂದಳು. ಕೈಯಲ್ಲಿದ್ದ ನೀರಿನ ಕೊಡವನ್ನು ಮೆಟ್ಟಿಲ ಮೇಲಿಟ್ಟಳು. “ಅದು ನಾ ಹೇಳೂದಲ್ಲ. ನೀವು ಹೇಳೂದು.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಮಕ್ಕಳಿಗೆ ಮಗ್ಗಿ ತಿದ್ದುವ ದನಿಯಲ್ಲಿ ಹೇಳಿದಳು.

ನಾನು ಹಂಸಭಾವಿಗೆ ಹೋದೆ. ಹೋಗಲಿಲ್ಲ ಎನ್ನಬೇಡಿ. ಬಸ್ಸು ಬದಲಿಸಿ ಹೋಗಿ, ಬರಿಗೈಯಲ್ಲಿ ಹೋಗಬಾರದೆಂದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಡಜನ್ ಬಾಳೆಹಣ್ಣು ಕೊಂಡೆ. ಮನೆ ಯಾವುದು ಎಂದು ಯಾರನ್ನಾದರೂ ಕೇಳಬೇಕು. ಯಾಕೆ ಬಂದಿರಿ ಎಂದು ಅವರು ಕೇಳುತ್ತಾರೆ. ಸೊಂಟದಲ್ಲಿ ರಿಂಗು ತಿರುಗಿಸುವವನು ನಾನು, ಅದನ್ನು ಹೇಳಲು ಬಂದೆ ಎನ್ನಬೇಕು. ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತು ಈ ಮಾತನ್ನು ಬಾಯಲ್ಲಿ ಎಷ್ಟು ಹೊರಳಿಸಿದರೂ ಹೊರಗೆ ಬೀಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಾಳೆಹಣ್ಣು ಹಿಡಿದುಕೊಂಡೇ ತಿರುಗಿ ಬಂದೆ. ಗಿರಿಜಾ ಚೀಲ ಬಿಚ್ಚಿ ನೋಡಿದಳು. ಆ ಹಣ್ಣನ್ನು ಮನೆಯಲ್ಲಿ ಯಾರೂ ತಿನ್ನಲಿಲ್ಲ, ಆಕಳಿಗೆ ಹಾಕಿದೆವು. ಮರುವರ್ಷ ಸುಜಾತಾ ವರ್ಗ ಮಾಡಿಸಿಕೊಂಡು ಸವಣೂರು ತಾಲೂಕಿಗೆ ಹೋದಳು. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಇದಾಗಿ ನಾಲ್ಕು ವರ್ಷ. ನನ್ನ ರಿಂಗು ಖೋಲಿಯ ಹಿಂದಿನ ಮೊಳೆಗೆ ತೂಗುತ್ತಿದೆ, ಮತ್ತೆ ಮುಟ್ಟಿಲ್ಲ.

ನೀರು ಕಾಯಿತು. ಹತ್ತೂ ರಿಂಗು ಮಾಡಿದೆ. ದೊಡ್ಡವರಿಗೆ ಒಂದಿರಲಿ ಎಂದು ಹನ್ನೊಂದನೆಯದನ್ನು ಮಾಡಿ, ಅಭ್ಯಾಸಬಲದಿಂದ ನನ್ನ ಹೊಕ್ಕಳದ ಮಟ್ಟಕ್ಕೆ ನಿಲ್ಲಿಸಿ ನೋಡಿದೆ. ಟೀಚರು ಅದನ್ನು ಕಂಡು, ಅಳತೆ ಇಷ್ಟು ಬರೋಬ್ಬರಿ ಗೊತ್ತಲ್ಲ, ಮನೆಯಲ್ಲಿ ಮಕ್ಕಳು ಆಡುತ್ತಾರೇನು ಎಂದು ಕೇಳಿದರು. ಸುಜಾತಾ ಹೇಳಿಲ್ಲವೇ ಎಂದೆ. ಏನು ಎಂದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ನಾಲ್ಕು ವರ್ಷದಲ್ಲಿ, ಬೇರೆ ತಾಲೂಕಿನಲ್ಲಿ, ನನ್ನ ಪರಿಚಯವೇ ಇಲ್ಲದವರ ಮುಂದೆ ಕೂಡ ಅವಳು ಹೇಳಿರಲಿಲ್ಲ.

“ನಾನ ಆಡ್ತಿದ್ನಿರಿ” ಎಂದೆ. “ದಿನಾ ಮುಂಜಾನಿ, ಮಾಳಿಗಿ ಮ್ಯಾಲ.”

ಟೀಚರು ನಗಲಿಲ್ಲ. ಒಳ್ಳೆಯದಾಯಿತಲ್ಲ, ನಮ್ಮ ಹೆಡ್‌ಮಾಸ್ತರರಿಗೂ ಕಲಿಸಬೇಕು, ಅವರ ಹೊಟ್ಟೆಯೂ ಬಹಳ ಬಂದಿದೆ ಎಂದು ರಿಂಗುಗಳನ್ನು ಸ್ಕೂಟಿಗೆ ಕಟ್ಟತೊಡಗಿದರು. ಅಷ್ಟೇ ಇತ್ತು ಅದು. ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ರೈತರು ತಿರುಗಿಯೂ ನೋಡಲಿಲ್ಲ. ಇಷ್ಟು ಹಗುರವಾದ ಮಾತಿಗೆ ಒಂದು ಹುಡುಗಿಯ ಸಂಬಂಧವನ್ನು ಬಲಿಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ಸುಜಾತಾ ಹೇಗಿದ್ದಾಳೆ, ಮದುವೆ ಆಯಿತೇ ಎಂದು ಕೇಳಲು ಬಾಯಿ ತೆರೆದೆ. ಕೇಳುವ ಯೋಗ್ಯತೆ ಇದೆ ಎನಿಸಲಿಲ್ಲ.

ಸ್ಕೂಟಿ ಹೋದ ಮೇಲೆ ತಿರುಗಿ ನೋಡಿದರೆ ನಡುಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾಳೆ ಸವಣೂರಿಗೆ ಹೋಗಿ ಸುಜಾತಾಳನ್ನು ಕಂಡು, ಅಲ್ಲಿಂದ ಹಂಸಭಾವಿಗೂ ಹೋಗಿ ಬರುತ್ತೇನೆ ಎಂದೆ.

“ಹೋಗ್ರಿ” ಎಂದಳು. “ಈ ಸಲ ಬಾಳಿಹಣ್ಣು ಮಾತ್ರ ಹಿಂದಕ್ಕ ತರಬ್ಯಾಡ್ರಿ.”