ಇಸ್ತ್ರಿ ಪೆಟ್ಟಿಗೆಗೆ ಅಂಟಿದ ಮುದ್ರೆ

ಅಪ್ಪನಿಗೆ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಅವನಿಗಿಂತ ಹೆಚ್ಚು ಹಿಗ್ಗಿದವಳು ನಾನು. ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷ ಬೊಂಬೆ ಕಡೆದ ಅಪ್ಪನ ಕೈಗೆ ಸದಾ ಅರಗಿನ ಬಣ್ಣ ಮೆತ್ತಿರುತ್ತಿತ್ತು. ಕಾಲೇಜಿನ ಗೆಳತಿಯರ ಮುಂದೆ ಆ ಕೈ ಕಂಡರೆ ನನಗೆ ನಾಚಿಕೆ. ಈಗ ಹೇಳಿಕೊಳ್ಳಲು ನಾಲಿಗೆ ಹಿಂಜರಿಯುತ್ತದೆ, ಆದರೂ ಅದು ನಿಜ.

ಕೆಲಸ ಖಾತ್ರಿಯಾದ ವಾರವೇ ಮನೆ ಗುಡಿಸುತ್ತಾ, ಮೂಲೆಯಲ್ಲಿದ್ದ ಒಣ ತಾಳೆಗರಿಯ ಕಟ್ಟನ್ನು ಹಂಡೆ ಒಲೆಗೆ ತುರುಕಿದ್ದೆ. ಕಡೆಯುವ ಯಂತ್ರದಲ್ಲಿ ತಿರುಗುವ ಬೊಂಬೆಗೆ ಅರಗು ಬಳಿದ ಮೇಲೆ ಹೊಳಪು ಬರಿಸುವುದು ಆ ಗರಿಯಿಂದಲೇ. ಗೊತ್ತಿದ್ದೂ ಸುಟ್ಟೆ, ಇನ್ನೇಕೆ ಬೇಕು ಅಂದುಕೊಂಡೆ. ಅಪ್ಪನಿಗೆ ಹೇಳಲಿಲ್ಲ.

ಕಾರ್ಖಾನೆಯವರು ಎರಡು ನೀಲಿ ಅಂಗಿ ಕೊಟ್ಟಿದ್ದರು. ಜೇಬಿನ ಮೇಲೆ ಕಾರ್ಖಾನೆಯ ಹೆಸರಿನ, ರಬ್ಬರಿನಂಥ ಮುದ್ರೆ. ಮುದ್ರೆಯಿಲ್ಲದ ಅಂಗಿಯಲ್ಲಿ ಬಂದರೆ ಗೇಟಿನಿಂದಲೇ ವಾಪಸ್ಸು ಎಂದು ಮೊದಲೇ ಹೇಳಿದ್ದರು. ಅಪ್ಪ ಕೆಲಸಕ್ಕೆ ಸೇರುವ ಹಿಂದಿನ ಸಂಜೆ ನಾನೇ ಠೀವಿಯಿಂದ ಇಸ್ತ್ರಿ ಮಾಡಲು ಕೂತೆ. ಮುದ್ರೆಯ ಮೇಲೂ ಒತ್ತಿಬಿಟ್ಟೆ. ಎತ್ತಿದಾಗ ಅಂಗಿಯಲ್ಲಿ ಮುದ್ರೆ ಇರಲಿಲ್ಲ. ಪೆಟ್ಟಿಗೆಯ ತಳಕ್ಕೆ ಕರಗಿ ಅಂಟಿಕೊಂಡು ಹೊಗೆಯಾಡುತ್ತಿತ್ತು. ಉಳಿದದ್ದು ಒಂದೇ ಅಂಗಿ, ಅದೂ ತೊಡಲಾಗದಷ್ಟು ಮುದುರಿಕೊಂಡಿತ್ತು. ಆ ತಳವನ್ನು ಅದಕ್ಕೆ ತಾಗಿಸಿದರೆ ಅದೂ ಹಾಳು.

ಅವ್ವ ಕೆರೆಯಲು ಬ್ಲೇಡು ತಂದಳು. ಅಷ್ಟರಲ್ಲಿ ಅಪ್ಪ ಒಳಗೆ ಬಂದ.

"ಬ್ಲೇಡ್ ಹಾಕ್ಬ್ಯಾಡ ಕಣೆ. ಗೆರೆ ಬಿದ್ರೆ ಬಟ್ಟೆ ಹಿಡ್ಕತದೆ. ಇದೂ ಅರಗು ಇದ್ದಂಗೇಯ, ಒಸಿ ಬಿಸಿ ಮಾಡೇ ಬುಡಿಸ್ಬೇಕು," ಎಂದು ನನ್ನ ಕಡೆ ತಿರುಗಿದ. "ಆ ಮೂಲೇಲಿ ತಾಳೆಗರಿ ಕಟ್ಟು ಐತೆ, ತಕ್ಕಂಬಾರವ್ವ."

ನಾನು ಅಲುಗಲಿಲ್ಲ. "ಇಲ್ಲ ಕಣಪ್ಪ... ನೀರ್ ಕಾಯ್ಸಕ್ಕೆ ಒಲೆಗಾಕ್ಬುಟ್ಟೆ."

ಬೈದಿದ್ದರೆ ಚೆನ್ನಾಗಿತ್ತು. ಅಪ್ಪ ಗೂಟಕ್ಕೆ ನೇತುಹಾಕಿದ್ದ ಹಳೆಯ ಕೆಲಸದ ಅಂಗಿಯ ಜೇಬಿಗೆ ಕೈಹಾಕಿ, ಗೇಣುದ್ದದ ಗರಿಯ ತುಂಡೊಂದನ್ನು ತೆಗೆದ. ಬೊಂಬೆಯ ಕೆಲಸ ನಿಂತು ಎರಡು ತಿಂಗಳಾಗಿತ್ತು. ಅದನ್ನು ಅಲ್ಲಿ ಇಟ್ಟುಕೊಂಡಿದ್ದಾನೆಂದು ಅವ್ವನಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಯನ್ನು ಒಂದಿಷ್ಟು ಬಿಸಿ ಮಾಡಿ ಪ್ಲಗ್ ಕಿತ್ತ. ಮೆತ್ತಗಾದ ರಬ್ಬರನ್ನು ಮರದ ಚಕ್ಕೆಯಿಂದ ಅಂಚಿಗೆ ತಳ್ಳಿದ. ಉಳಿದ ಜಿಗುಟನ್ನು ಗರಿಯಿಂದ ಒಂದೇ ಸಮನೆ ಉಜ್ಜಿದ. ಬೊಂಬೆಗೆ ಉಜ್ಜುವಾಗಿನಂತೆಯೇ ತುಟಿ ಬಿಗಿದಿತ್ತು. ತಳದಲ್ಲಿ ಬಲ್ಬಿನ ಬೆಳಕು ಹೊಳೆಯುವವರೆಗೂ ಬಿಡಲಿಲ್ಲ. ಹಳೇ ಬಟ್ಟೆಯ ಮೇಲೆ ಎಳೆದು ನೋಡಿದ, ಕಲೆ ಬೀಳಲಿಲ್ಲ. ಎರಡನೆಯ ಅಂಗಿಯನ್ನು ಒಳಮಗ್ಗುಲು ಹೊರಗಾಗಿಸಿ, ಮುದ್ರೆಯ ಜಾಗ ಬಿಟ್ಟು, ತಾನೇ ಇಸ್ತ್ರಿ ಮಾಡಿದ.

ಎಲ್ಲ ಮುಗಿದ ಮೇಲೆ ಕಪ್ಪಾದ ಗರಿಯನ್ನು ನನ್ನ ಕೈಗಿಟ್ಟ. "ಇದ್ನೂವೆ ಒಲೆಗಾಕ್ಬುಡವ್ವ," ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ಇಟ್ಟುಕೊಳ್ಳುತ್ತೇನೆ ಎನ್ನಲು ಯಾವ ಮುಖವಿತ್ತು ನನಗೆ? ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಲೆಗೆ ಹಾಕಿದೆ.

ಬೆಳಗ್ಗೆ ನೀಲಿ ಅಂಗಿ ತೊಟ್ಟು ಅಪ್ಪ ಬಸ್ಸಿಗೆ ಹೊರಟ. ಕೈಗಳಲ್ಲಿ ಚೂರೂ ಬಣ್ಣವಿರಲಿಲ್ಲ. ನಾನು ಬಯಸಿದ್ದು ಇಂಥ ಅಪ್ಪನನ್ನೇ. ಆದರೂ ಅವನನ್ನು ತಲೆಯೆತ್ತಿ ನೋಡಲಾಗಲಿಲ್ಲ.