ಎರೆಭೂತದ ಮರಿ, ಅತ್ತೆಯ ಸೆರಗು

ಎಂಬತ್ತರ ದಶಕದ ಮಾತು. ನನ್ನ ಗಂಡ ಆಗ ಹುನಗುಂದದಲ್ಲಿ ದನದ ಡಾಕ್ಟರು. ಮರೋಳದ ಕಡೆಯ ರೈತರೊಬ್ಬರು ಕುಂಟೆ ಹೊಡೆಯುವಾಗ ಸಿಕ್ಕ ಒಂದೇ ಒಂದು ತತ್ತಿಯನ್ನು ರುಮಾಲಿನಲ್ಲಿ ಸುತ್ತಿ ತಂದರು. ತಾಯಿಹಕ್ಕಿಯನ್ನು ನಾಯಿಗಳು ಕೊಂದಿದ್ದವಂತೆ. ಕರಿಮಣ್ಣಿನ ಎರೆಹೊಲದಲ್ಲಿ ಮನುಷ್ಯರಂತೆ ನೆಟ್ಟಗೆ ನಡೆದಾಡುವ ಆ ದೊಡ್ಡ ಹಕ್ಕಿಗೆ ನಮ್ಮ ಕಡೆ ಎರೆಭೂತ ಎನ್ನುತ್ತಾರೆ. ಆಗಲೇ ಅದು ಕಣ್ಣಿಗೆ ಬೀಳುವುದು ಅಪರೂಪವಾಗಿತ್ತು.

ಅತ್ತೆ ಹೊಸ್ತಿಲಲ್ಲೇ ಮಗನನ್ನು ತಡೆದರು. "ತತ್ತಿ, ಅದೂ ಭೂತದ್ದು. ಲಿಂಗಪೂಜಿ ಮಾಡೋ ಮನ್ಯಾಗ ತರ್ತೀಯೇನೋ ತಮ್ಮಾ?"

"ಒಳಗ ತರಂಗಿಲ್ಲವ್ವಾ. ಕೊಟ್ಟಿಗ್ಯಾಗ ಇರತೈತಿ."

ನೆರೆಮನೆಯ ಕಾವು ಕೂತ ಕೋಳಿಯೇ ಅದನ್ನು ಮರಿ ಮಾಡಿತು. ಬೆಳೆದ ಮೇಲೆ ಎರೆಯಲ್ಲೇ ಬಿಡಿ ಎಂದರು ಅರಣ್ಯ ಇಲಾಖೆಯವರು. ಆದರೆ ಮನುಷ್ಯರಿಗೆ ಒಗ್ಗಿಬಿಟ್ಟ ಹಕ್ಕಿ ಬೇಟೆಗಾರನ ಹತ್ತಿರವೂ ತಾನೇ ನಡೆದು ಹೋದೀತು ಎಂದು ನಮ್ಮ ಮನೆಯವರಿಗೆ ದಿಗಿಲು. ಹೆಸರಿಡಬೇಡಿ, ಕರೆಯಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದರು.

ನಾನು ನೆನೆಸಿಟ್ಟ ಕಡಲೆ, ಜೋಳದ ನುಚ್ಚು ಯಾವುದನ್ನೂ ಮರಿ ಮುಟ್ಟಲಿಲ್ಲ. ಅದಕ್ಕೆ ಜೀವಂತ ಹುಳವೇ ಬೇಕು ಎಂದರು ಇವರು. ಇರುವೆ ತುಳಿದರೂ "ಶಿವಾ" ಎನ್ನುವ ಮನೆ ನಮ್ಮದು.

ಮರುದಿನ ಬೆಳಗ್ಗೆ ಅತ್ತೆ ಹಿತ್ತಲಿನ ಹುಲ್ಲಿನಲ್ಲಿ ಬಾಗಿದ್ದರು. ಹಣೆಯ ವಿಭೂತಿ ಇನ್ನೂ ಹಸಿ. ಇಲಕಲ್ ಸೀರೆಯ ಕೆಂಪು ಸೆರಗಿನ ಗಂಟು ತನ್ನಷ್ಟಕ್ಕೆ ಮಿಸುಕುತ್ತಿತ್ತು. ಒಳಗೆ ಮಿಡತೆಗಳು.

"ಏನ್ ನೋಡ್ತೀಯವಾ? ಅದರ ಪ್ರಸಾದ ಇದು. ಕಾನ್ವೆಂಟಿನ್ಯಾಗ ಸಿಸ್ಟರ್‌ಗೋಳು ಇದನ್ನ ಕಲಿಸಿಲ್ಲೇನು?"

ಅಲ್ಲಿ ಕಲಿಸಿದ್ದು ಕಸೂತಿ. ನಾನೂ ಬಾಗಿದೆ.

ಚಳಿಗಾಲದ ಹೊತ್ತಿಗೆ ಅದು ನನ್ನ ಸೊಂಟದವರೆಗೆ ಬೆಳೆದಿತ್ತು. ಮರಳುಬಣ್ಣದ ಬೆನ್ನಿನ ಮೇಲೆ ಸೂಜಿಯಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆಗಳು. ಎರಡು ಗರಿಗಳಲ್ಲಿ ಒಂದೇ ಥರದ ಗೆರೆ ನನಗೆ ಸಿಗಲಿಲ್ಲ.

ಬಿಡುವ ದಿನ ಮರೋಳದ ಎರೆಗೆ ಅದನ್ನು ಹೊತ್ತು ತಂದ ದೊಡ್ಡ ಬುಟ್ಟಿಯನ್ನು ತೆರೆದಾಗ ಅದು ಎಲ್ಲಿಗೂ ಹೋಗದೆ ನೇರ ಅತ್ತೆಯ ಬಳಿ ಬಂದು ಸೆರಗು ಕುಕ್ಕಿತು. ರೂಢಿಯಂತೆ ಅವರು ಗಂಟು ಕಟ್ಟಿಕೊಂಡೇ ಬಂದಿದ್ದರು. ಇವರ ಮುಖ ಬಾಡಿತು. ಅತ್ತೆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕಲ್ಲಿನಂತೆ ನಿಂತರು.

ಆಗ ದೂರದ ಜೋಳದಂಚಿನಲ್ಲಿ ಇನ್ನೊಂದು ಬಿಳಿಯ ಕತ್ತು ಎದ್ದಿತು.

ನಮ್ಮದು ತಿರುಗಿತು. ನಡೆಯಿತು, ಓಡಿತು, ರೆಕ್ಕೆ ಬಿಚ್ಚಿತು. ಅಷ್ಟು ಅಗಲದ ರೆಕ್ಕೆಗಳನ್ನು ನಮ್ಮ ಕೊಟ್ಟಿಗೆಯಲ್ಲಿ ಅದು ಎಲ್ಲಿ ಮಡಚಿಟ್ಟುಕೊಂಡಿತ್ತೋ! ಆ ಭಾರದ ಮೈ ನೆಲ ಬಿಟ್ಟು ಏಳುವಾಗ ನನ್ನ ಹಿಮ್ಮಡಿಗಳೂ ತಾವಾಗಿ ಎದ್ದವು.

ಅದು ಮರೆಯಾಗುವವರೆಗೂ ನೋಡಿ ಅತ್ತೆ ಸೆರಗಿನ ಗಂಟು ಬಿಚ್ಚಿದರು.

"ಹೋಗ್ರಿ," ಎಂದರು ಮಿಡತೆಗಳಿಗೆ, "ನೀವೂ ಹೋಗ್ರಿ."