ಬೆಟ್ಟದಂಚಿನಿಂದ ಬಿಟ್ಟ ಬೆಳಕು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಹೆಗಲಚೀಲವೊಂದು ಸಿಕ್ಕಿತು. ಬಾಯಿ ಬಿಚ್ಚಿದರೆ, ಬೆಸುಗೆ ಹಾಕುವಾಗ ಏಳುತ್ತದಲ್ಲ, ಆ ರಾಳದ ಹೊಗೆಯ ವಾಸನೆ. ಇಷ್ಟು ವರ್ಷವಾದ ಮೇಲೂ! ಒಳಗೆ ಪಕ್ಕದ ಮನೆ ಮಾವ ಕೈಯಾರೆ ಮಾಡಿದ ಟಾರ್ಚಿತ್ತು.

ತೊಂಬತ್ತರ ದಶಕದ ಮೇಲುಕೋಟೆ. ನಾನು ಆಗಷ್ಟೇ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಮಾವ ನಮಗೆ ಸಂಬಂಧಿಕರೇನಲ್ಲ. ರೇಡಿಯೊ ರಿಪೇರಿ ಮಾಡುತ್ತಿದ್ದ ನೆರೆಯವರು. ಮಹಾ ಹಟಮಾರಿ. ಒಬ್ಬಳೇ ಮಗಳು ತಾನೇ ಮೆಚ್ಚಿ ಬೆಟ್ಟದ ಕೆಳಗಿನ ಹಳ್ಳಿಯವನನ್ನು ಮದುವೆಯಾದಾಗ, ನಿನ್ನ ಹೊಸಿಲು ತುಳಿಯಲ್ಲ, ನೀನೂ ಇತ್ತ ತಲೆ ಹಾಕಬೇಡ ಎಂದುಬಿಟ್ಟಿದ್ದರು. ಆಡಿದ ಮಾತು ನುಂಗಲು ಆಗಲಿಲ್ಲ. ಅದರ ಬದಲು ಟಾರ್ಚು ಮಾಡಲು ಕೂತರು!

ಆಗ ಎಲ್‌ಇಡಿ ಅಂದರೆ ರೇಡಿಯೊ ಮೇಲೆ ಮಿನುಗುವ ಕೆಂಪು ಚುಕ್ಕಿ, ಅಷ್ಟೇ. ಮಾವ ಗುಜರಿಯಿಂದ ಸ್ಕೂಟರಿನ ಹೆಡ್‌ಲೈಟ್ ಬಟ್ಟಲು ತಂದು, ಜೀಪಿನ ಬಲ್ಬು ಕೂರಿಸಿ, ಬ್ಯಾಟರಿಯನ್ನು ಚೀಲಕ್ಕಿಳಿಸಿದರು. ನನಗೋ ಕುತೂಹಲ ತಡೆಯದು. ಶಾಲೆ ಬಿಟ್ಟೊಡನೆ ಅವರ ಅಂಗಡಿಯಲ್ಲೇ ಠಿಕಾಣಿ. ಬಾಗಿಲು ಮುಚ್ಚಿ, ಗೋಡೆಗೆ ಬೆಳಕು ಬಿಟ್ಟು, ಬಲ್ಬನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಮೊರದಗಲ ಹರಡಿದ್ದ ಬೆಳಕು ಕುಗ್ಗಿ ಕುಗ್ಗಿ ಒಬ್ಬಟ್ಟಿನಷ್ಟಾಯಿತು. ಹಾಗೆ ಒಟ್ಟಾದರೆ ಮಾತ್ರ ಅದು ದೂರ ಹೋಗುತ್ತದಂತೆ...

"ಯಾಕೆ ಮಾವ ಇದೆಲ್ಲ?"

"ಎಷ್ಟ್ ದೂರ ಓಯ್ತದೆ ಅಂತ ನೋಡಕ್ಕೆ ಕಣವ್ವ, ಅಷ್ಟೆಯಾ."

"ಬಸ್ಸು ಹತ್ತಿ ಹೋಗ್ಬಾರ್ದಾ?"

"ಆಡ್ಬಾರದ್ದ ಆಡ್ಬುಟ್ಟಿವ್ನಿ. ಯಾವ ಮೊಕ ಇಟ್ಕಂಡು ಓಗ್ಲವ್ವ?"

ಮುಸ್ಸಂಜೆ ಇಬ್ಬರೂ ಬೆಟ್ಟದಂಚಿಗೆ ನಡೆಯುತ್ತಿದ್ದೆವು. ಬಿಳಿ ಕೋಲಿನಂಥ ಬೆಳಕು ಮಗಳ ಹಳ್ಳಿಯತ್ತ ಚಾಚುತ್ತಿತ್ತು. ಹೊತ್ತಿಸುವುದು, ಆರಿಸುವುದು, ಕಾಯುವುದು...

"ಅಲ್ಲೇನಾರ ಅಳ್ಳಾಡ್ತಾ? ನಿನ್ ಕಣ್ಣು ಚುರುಕು, ನೋಡವ್ವ."

ನೋಡುತ್ತಿದ್ದೆ. ಕೆಳಗೆ ಊರಿನ ದೀಪಗಳೆಲ್ಲ ಒಂದೇ ಥರ ಮಿಣುಕುತ್ತಿದ್ದವು. ಇಲ್ಲ ಮಾವ, ಅನ್ನುತ್ತಿದ್ದೆ.

"ಅಂಗಾರೆ ಇನ್ನೂ ಮುಟ್ಟಿಲ್ಲ ಬುಡು," ಎಂದು ಮರುದಿನ ಮತ್ತೆ ಬಿಚ್ಚಿ ಕೂರುತ್ತಿದ್ದರು. ಇನ್ನೂ ದೊಡ್ಡ ಬಟ್ಟಲು, ಇನ್ನೂ ಪ್ರಖರವಾದ ಬಲ್ಬು... ಒಂದು ಬೆಳಗ್ಗೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಗಳು ಬಂದು ಹೊಸಿಲಲ್ಲೇ ಕೂತು ಅತ್ತು ಹೋದಳು. ಆ ಅಳುವಿನ ನಡುವೆ ಟಾರ್ಚಿನ ಮಾತು ಯಾರೂ ಎತ್ತಲಿಲ್ಲ, ಚೀಲದ ಸಮೇತ ಅದು ನಮ್ಮ ಅಟ್ಟ ಸೇರಿತು.

ಈಗ ಸಿಕ್ಕಿತಲ್ಲ, ಅವಳಿಗೆ ಹೇಳಿ ಕಳಿಸಿದೆ. ನಿನ್ನೆ ಬಂದಳು. ಅವಳ ತಲೆಯೂ ನರೆತಿದೆ. ಟಾರ್ಚಿನ ಬಟ್ಟಲನ್ನು ಸೆರಗಿನಿಂದ ಒರೆಸಿದಳು.

"ಇದೇನಾ ಅಕ್ಕ ಅದು? ಮೊದ್ಲ ದಿನ್ವೇ ಕಂಡಿತ್ತು, ಅಪ್ಪಂದೇ ಅಂತ ಗೊತ್ತಾಯ್ತು. ಆಮ್ಯಾಕೆ ದಿನಾ ಕಾಯ್ತಿದ್ದೆ ಕಣಕ್ಕ. ಬೆಳಕು ಬಂದೇಟ್ಗೆ ಮಾಳ್ಗೆ ಅತ್ತಿ ಲಾಟೀನು ಆಡಿಸ್ತಿದ್ದೆ. ಅಪ್ಪಂಗೆ ಕಾಣ್ತಿತ್ತಾ?"

ಅಯ್ಯೋ ದೇವರೇ, ಅಷ್ಟು ದೀಪಗಳ ನಡುವೆ ಅದೊಂದು ಅಲ್ಲಾಡುತ್ತಿತ್ತೇ...

"ಕಾಣ್ತಿತ್ತು ಕಣೆ," ಅಂದೆ.

ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ಬೆಳಕು ಮೊದಲ ದಿನವೇ ಮುಟ್ಟಿತ್ತು ಮಾವ ಎಂದು ಹೇಳೋಣವೆಂದರೆ, ಪಕ್ಕದ ಮನೆಯಲ್ಲಿ ಈಗ ಯಾರಿದ್ದಾರೆ?